ಹಗ್ಗ ಎಳೆದವನ ಪಾಲು

ಅಂಕೋಲೆ ತಾಲೂಕಿನ ಒಂದು ಊರು. ಭತ್ತ ಕೊಯ್ದು ಒಣಗಿದ ಗದ್ದೆ. ಗದ್ದೆಯ ನಾಲ್ಕು ಮೂಲೆಗೆ ನಾಲ್ಕು ಕಂಬ, ಕಂಬದ ತುದಿಗೆ ಕಣ್ಣು ಕುಕ್ಕುವ ದೀಪ. 'ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ' ಅಂತ ಬ್ಯಾನರು. ಮೈಕು ಹಿಡಿದವನು ಒಂದೇ ಸಮನೆ ಕೂಗುತ್ತಿದ್ದ: ಇಂಥ ಮಹನೀಯರಿಂದ ಐದು ಸಾವಿರ, ಇಂಥ ಗುತ್ತಿಗೆದಾರರಿಂದ ಹತ್ತು ಸಾವಿರ, ಇಂಥ ನಾಯಕರಿಂದ ಶೀಲ್ಡು. ಕೊಟ್ಟವರ ಹೆಸರು ಹತ್ತು ಸಲ ಕೇಳಿಸಿತು. ಆಡುವವರ ಹೆಸರು ಒಂದು ಸಲವೂ ಸರಿಯಾಗಿ ಕೇಳಿಸಲಿಲ್ಲ. ನಾವು ಗದ್ದೆಯ ಹಾಳಿ ಮೇಲೆ ಕೂತು ಶೇಂಗಾ ತಿನ್ನುತ್ತ ನೋಡುತ್ತಿದ್ದೆವು.

ಆ ರಾತ್ರಿ ಆಡಿದ ಒಬ್ಬ ಹುಡುಗ ಆಗೇರ ಕೇರಿಯವನು. ಡಿಗ್ರಿ ಎರಡನೇ ವರ್ಷ. ರಜೆ ಬಂದರೆ ಚಿರೇಕಲ್ಲು ಹೊರುತ್ತಾನೆ. ಕಾಲೇಜಿನ ತಂಡಕ್ಕೆ ಆಡಿ ಕಪ್ಪು ತಂದವನು. ಅವನ ಫೋಟೋ ಕಾಲೇಜಿನ ನೋಟೀಸ್ ಬೋರ್ಡಿನಲ್ಲಿದೆ. ಪ್ರವೇಶ ಪಡೆಯಲು ಬಂದ ಹೊಸ ಹುಡುಗರಿಗೆ ಅದನ್ನು ತೋರಿಸುತ್ತಾರೆ. ಆ ರಾತ್ರಿ ಆಟದ ಅರ್ಧಕ್ಕೇ ಅವನು ಕುಂಟುತ್ತಿದ್ದ. ನಮಗೆ ಅದು ಕಾಣುತ್ತಿತ್ತು. ಕಂಡೂ ನಾವು ಕೂಗಿದೆವು, 'ಇನ್ನೊಂದು ರೈಡು! ಇನ್ನೊಂದು ರೈಡು!' ಅವನು ಹೋದ. ಮೂವರು ಮೇಲೆ ಬಿದ್ದರು. ಮೊಣಕಾಲು ಹೋಯಿತು.

ಕಾಲು ಹೋದರೆ ಈ ಜಿಲ್ಲೆಯವರು ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವೆಗೋ ಓಡಬೇಕು. ಓಡಲಿಕ್ಕೆ ದುಡ್ಡು ಬೇಕು. ಅಲ್ಲೇ ಒಂದು ಟವೆಲ್ಲು ಹಾಸಿದೆವು. ಹತ್ತು, ಇಪ್ಪತ್ತು, ಐವತ್ತು ಬಿತ್ತು. ಮೀನು ಮಾರುವ ಹೆಂಗಸರೂ ಸೊಂಟದ ಚೀಲ ಬಿಚ್ಚಿ ಹಾಕಿದರು. ಮಾರನೆಯ ದಿನ ಆ ಗಂಟನ್ನು ಹಿಡಿದು ಕೇರಿಗೆ ಹೋದೆವು. ಹುಡುಗನ ತಾಯಿ ಕೂಲಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ಗಂಟು ಮುಂದೆ ಹಿಡಿದರೆ ಕೈ ಚಾಚಲಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೇಳಿದರು:

'ಮಾಸ್ತರ್ರೇ, ಇದು ಎಂತಾ ದುಡ್ಡು? ನಮ್ಮ ಹುಡ್ಗ ದುಡ್ದದ್ದಾ, ನೀವು ಧರ್ಮಕ್ಕೆ ಕೊಡೂದಾ?'

ನಮ್ಮಲ್ಲಿ ಇಬ್ಬರು ಮಾಸ್ತರರು, ಒಬ್ಬ ಸಂಘಟನೆಯ ಕಾರ್ಯಕರ್ತ, ಇಬ್ಬರು ವಿದ್ಯಾರ್ಥಿಗಳು. ಸಮಾನತೆಯ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲವರು. ಆ ಅಂಗಳದಲ್ಲಿ ಬಾಯಿ ಬರಲಿಲ್ಲ. ಆಕೆ ಕೊನೆಗೆ ದುಡ್ಡು ತೆಗೆದುಕೊಂಡರು, ಬೇರೆ ದಾರಿ ಇರಲಿಲ್ಲ. ಆದರೆ ಪ್ರಶ್ನೆಯನ್ನು ನಮ್ಮ ಕೈಲೇ ಬಿಟ್ಟರು.

ಮುಂದಿನ ವಾರ ಕಾರವಾರದಲ್ಲಿ ಕೂತಾಗ ಇದೇ ಚರ್ಚೆ. ಕಾಲೇಜಿಗಾಗಿ, ಊರಿಗಾಗಿ ಆಡುವ ಬಡ ಹುಡುಗ ಹುಡುಗಿಯರಿಗೆ ದುಡ್ಡು ಕೊಡಬೇಕೇ? ಕೊಡುವುದಾದರೆ ನೋಡುವ ಸಾಮಾನ್ಯ ಜನ ತಮ್ಮ ಕಿಸೆಯಿಂದ ಕೊಡಬೇಕೇ?

ಒಬ್ಬ ಗೆಳೆಯ ಹೇಳಿದ, 'ದುಡ್ಡು ಬಂದರೆ ಆಟ ಕೆಡುತ್ತದೆ. ವಿದ್ಯಾರ್ಥಿ ಆಟವನ್ನು ಆಟಕ್ಕಾಗಿ ಆಡಬೇಕು.' ಇನ್ನೊಬ್ಬ ಗೆಳೆಯನ ಮಾತು ಹೆಚ್ಚು ಖಾರವಾಗಿತ್ತು. 'ಹಾಸ್ಟೆಲಿನಲ್ಲಿ ಸಾರು ನೀರಾಗಿದೆ. ಲೈಬ್ರರಿಯಲ್ಲಿ ಪುಸ್ತಕ ಇಲ್ಲ. ದಿನಗೂಲಿಯವನ ಹತ್ತು ರೂಪಾಯಿಯನ್ನು ನಾವು ಕಬಡ್ಡಿಗೆ ಕೇಳಬೇಕೇ? ಕಾಲೇಜು ಹೆಸರು ಮಾಡಿಕೊಂಡಿತು, ಗುತ್ತಿಗೆದಾರ ಹೆಸರು ಮಾಡಿಕೊಂಡ. ಕಾಲು ಮುರಿದಾಗ ಮಾತ್ರ ಮೀನು ಮಾರುವವಳ ಚೀಲ ಬಿಚ್ಚಬೇಕೋ?'

ಎರಡಕ್ಕೂ ಉತ್ತರ ಕೊಡಬೇಕು. ಮೊದಲು, ದುಡ್ಡು ಬಂದರೆ ಆಟ ಕೆಡುತ್ತದೆ ಎಂಬ ಮಾತು.

ಈ ಮಾತು ಎಲ್ಲಿ ಹುಟ್ಟಿತು ಅಂತ ಹುಡುಕಿದರೆ ಇಂಗ್ಲೆಂಡಿಗೆ ಹೋಗಬೇಕು. 1880ರ ದಶಕದಲ್ಲಿ ಅಲ್ಲಿನ ದೋಣಿ ಪಂದ್ಯಗಳ ಸಂಘ 'ಅಮೆಚೂರ್' ಅಂದರೆ ಯಾರು ಅಂತ ನಿಯಮ ಬರೆಯಿತು. ದುಡ್ಡಿಗಾಗಿ ಆಡಿದವನು ಅಮೆಚೂರ್ ಅಲ್ಲ. ಅಷ್ಟೇ ಆಗಿದ್ದರೆ ಬಿಡಿ ಅನ್ನಬಹುದಿತ್ತು. ಕೈಕೆಲಸದವನು, ಕುಶಲಕರ್ಮಿ, ಕೂಲಿಕಾರ, ಇವರೂ ಅಮೆಚೂರ್ ಅಲ್ಲ ಅಂತ ಸೇರಿಸಿತು. ಅಂದರೆ ಮೈ ಬಗ್ಗಿಸಿ ದುಡಿದು ಉಣ್ಣುವವನು ಶುದ್ಧ ಆಟಗಾರನಾಗಲಾರ. ಅಪ್ಪನ ಆಸ್ತಿಯಲ್ಲಿ ಉಣ್ಣುವವನು ಮಾತ್ರ ಶುದ್ಧ. ಇದು ನಮಗೆ ಗುರುತಿಲ್ಲದ ಮಾತೇ? ಇದು ಮಡಿ. ದುಡ್ಡಿಗೆ ಮೈಲಿಗೆ ಅಂಟಿಸಿದ್ದು ದುಡ್ಡಿಲ್ಲದವನನ್ನು ಹೊರಗಿಡಲಿಕ್ಕೆ.

ಅಮೆರಿಕದ ಮೂಲನಿವಾಸಿ ಜಿಮ್ ಥೋರ್ಪ್ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಎರಡು ಚಿನ್ನ ಗೆದ್ದ. ಮರುವರ್ಷ ಅವನ್ನು ಕಿತ್ತುಕೊಂಡರು. ಅಪರಾಧ ಏನು? ಮುಂಚೆ ಎರಡು ಬೇಸಿಗೆ ಬೇಸ್‌ಬಾಲ್ ಆಡಿ ಹೊಟ್ಟೆಪಾಡಿಗೆ ಚಿಲ್ಲರೆ ಕಾಸು ಪಡೆದಿದ್ದ. ಅವನು 1953ರಲ್ಲಿ ತೀರಿಕೊಂಡ. ಅವನ ಗೆಲುವಿಗೆ ಮತ್ತೆ ಮನ್ನಣೆ ಕೊಡಲು 1982ರವರೆಗೆ ಸಮಯ ಹಿಡಿಯಿತು. ಅವನೊಬ್ಬನೇ ವಿಜೇತ ಅಂತ ಒಪ್ಪಿಕೊಂಡದ್ದು 2022ರಲ್ಲಿ.

ಅಷ್ಟು ದೂರ ಯಾಕೆ? ಧಾರವಾಡದಲ್ಲಿ 1876ರಲ್ಲಿ ಹುಟ್ಟಿದ ಪಳವಣಕರ ಬಾಳೂ ಚಮ್ಮಾರ ಜಾತಿಯವರು. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿಗೆ ಪಿಚ್ಚು ಉರುಳಿಸುವ, ನೆಟ್ಟು ಕಟ್ಟುವ ಆಳಾಗಿದ್ದರು. ಸಾಹೇಬರಿಗೆ ಅಭ್ಯಾಸಕ್ಕೆ ಚೆಂಡು ಎಸೆಯುವುದೂ ಅದೇ ಕೂಲಿಯಲ್ಲಿ. ಎಸೆದು ಎಸೆದೇ ದೇಶದ ದೊಡ್ಡ ಬೌಲರ್ ಆದರು. ಹಿಂದೂಗಳ ತಂಡಕ್ಕೆ ಅವರ ಕೈ ಬೇಕಾಯಿತು. ಮೈದಾನದಲ್ಲಿ ಎಲ್ಲರೂ ಮುಟ್ಟುವ ಅದೇ ಚೆಂಡನ್ನು ಮುಟ್ಟಿದರು. ಚಹಾದ ಹೊತ್ತಿಗೆ ಮಾತ್ರ ಪೆವಿಲಿಯನ್ ಹೊರಗೆ ನಿಂತು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಕುಡಿಯಬೇಕಿತ್ತು. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತದ ತಂಡದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದವರು ಅವರೇ. ಆ ತಂಡದ ನಾಯಕ ಯಾರು? ಪಟಿಯಾಲದ ಮಹಾರಾಜ. ಹೀಗೆ ಆಟವನ್ನು ಆಟಕ್ಕಾಗಿ ಆಡಿದವನು ರಾಜ, ಕೂಲಿಗಾಗಿ ಎಸೆದವನು ಬಾಳೂ. ಆಟ ಯಾರಿಂದ ಕೆಟ್ಟಿತು, ಯಾರಿಂದ ಬೆಳೆಯಿತು, ಓದುಗರೇ ಹೇಳಲಿ.

ನಮ್ಮ ಭಾಷೆಯಲ್ಲೇ ಒಂದು ಮಾತಿದೆ, ವಿದ್ಯಾರ್ಥಿವೇತನ. ವೇತನ ಅಂದರೆ ಸಂಬಳ. ಓದುವುದಕ್ಕೆ ಸಂಬಳ ಕೊಟ್ಟರೆ ಓದು ಕೆಡುತ್ತದೆ ಅಂತ ಯಾರಾದರೂ ಹೇಳಿದ್ದಾರೆಯೇ? ಬಾಬಾಸಾಹೇಬರು 1913ರಲ್ಲಿ ಕೊಲಂಬಿಯಾಕ್ಕೆ ಹೋದದ್ದು ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ. ಅದಕ್ಕೆ ಬದಲಾಗಿ ಹತ್ತು ವರ್ಷ ಆ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರು. 1917ರಲ್ಲಿ ಸೇವೆಗೆಂದು ಬರೋಡಾಕ್ಕೆ ಬಂದರೆ ಇಡೀ ಊರಲ್ಲಿ ಮಲಗಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದು ಓಡಿಸಿದರು. ರಾಜನ ದುಡ್ಡು ಓದಿಸಿತು, ಮನುಷ್ಯನ ಜಾಗ ಕೊಡಲಿಲ್ಲ. ಆ ದುಡ್ಡಿನಿಂದ ಬಂದ ವಿದ್ಯೆಯನ್ನು ಅಂಬೇಡ್ಕರ್ ಯಾವತ್ತೂ ಹಗುರ ಮಾಡಲಿಲ್ಲ. ಆದರೆ ತಮ್ಮ ನಂತರದ ಮಕ್ಕಳು ಇನ್ನೊಬ್ಬ ರಾಜನಿಗಾಗಿ ಕಾಯಲಿ ಅಂತಲೂ ಬಿಡಲಿಲ್ಲ. ವೈಸರಾಯ್ ಮಂಡಲಿಯಲ್ಲಿದ್ದಾಗ ಸರಕಾರದ ಬಾಗಿಲು ಬಡಿದರು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಆರಂಭವಾಯಿತು. ದೊರೆಯ ಕೃಪೆ ಪ್ರಜೆಯ ಹಕ್ಕಾದದ್ದು ಹೀಗೆ. ನಮಗೆ ದಾರಿ ಇಲ್ಲಿದೆ.

ಇನ್ನು ಎರಡನೆಯ ಗೆಳೆಯನ ಖಾರದ ಪ್ರಶ್ನೆ. ಕೊಡಬೇಕು ಸರಿ, ಸಾಮಾನ್ಯ ಜನ ಯಾಕೆ ಕೊಡಬೇಕು?

ಈ ಪ್ರಶ್ನೆ ಈಗ ಅಮೆರಿಕದಲ್ಲಿ ದೊಡ್ಡದಾಗಿ ಎದ್ದಿದೆ. ಅಲ್ಲಿ ಕಾಲೇಜು ಹುಡುಗರ ಫುಟ್‌ಬಾಲು, ಬಾಸ್ಕೆಟ್‌ಬಾಲು ಅಂದರೆ ದೊಡ್ಡ ವ್ಯಾಪಾರ. ಟಿವಿಯಿಂದ ಹಣ, ಟಿಕೆಟ್ಟಿನಿಂದ ಹಣ. ಹಲವು ರಾಜ್ಯಗಳಲ್ಲಿ ಸರಕಾರದ ಸಂಬಳ ಪಡೆಯುವವರಲ್ಲಿ ಎಲ್ಲರಿಗಿಂತ ದೊಡ್ಡ ಸಂಬಳ ಕಾಲೇಜು ತಂಡದ ಕೋಚಿನದು. ಆಡುವ ಹುಡುಗರಿಗೆ, ಅವರಲ್ಲಿ ದೊಡ್ಡ ಪಾಲು ಕಪ್ಪು ಜನರ ಮಕ್ಕಳು, ಓದಿನ ಖರ್ಚು ಬಿಟ್ಟರೆ ಕಾಸು ಮುಟ್ಟಬಾರದೆಂಬ ನಿಯಮ. ಇದನ್ನು ಕಾಯುತ್ತಿದ್ದುದು ಎನ್‌ಸಿಎಎ ಎಂಬ ಸಂಸ್ಥೆ. 2021ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ಸಂಸ್ಥೆಯ ವಿರುದ್ಧ ಒಮ್ಮತದ ತೀರ್ಪು ಕೊಟ್ಟಿತು. ಜುಲೈಯಿಂದ ಆಟಗಾರರು ತಮ್ಮ ಹೆಸರು, ಮುಖದಿಂದ ಗಳಿಸಬಹುದು ಅಂತಾಯಿತು. 2025ರ ಜೂನ್‌ನಲ್ಲಿ ಒಪ್ಪಿಗೆಯಾದ ರಾಜಿಯ ಪ್ರಕಾರ, ಒಂದೊಂದು ಕಾಲೇಜು ಮೊದಲ ವರ್ಷ ಸುಮಾರು 2 ಕೋಟಿ 5 ಲಕ್ಷ ಡಾಲರಿನವರೆಗೆ ಆಟಗಾರರಿಗೆ ನೇರವಾಗಿ ಹಂಚಬಹುದು.

ನ್ಯಾಯ ಸಿಕ್ಕಿತಲ್ಲ ಅನ್ನುವಷ್ಟರಲ್ಲಿ ಅಭಿಮಾನಿಯ ಮನೆ ಬಾಗಿಲು ಬಡಿದರು. ಊರೂರಿಗೆ ಅಭಿಮಾನಿಗಳ ನಿಧಿ ಹುಟ್ಟಿದವು, ತಿಂಗಳು ತಿಂಗಳು ಕೊಡಿ, ನಿಮ್ಮ ತಂಡಕ್ಕೆ ಒಳ್ಳೆಯ ಹುಡುಗರನ್ನು ತರೋಣ ಅಂತ. ಟೆನೆಸಿ ವಿಶ್ವವಿದ್ಯಾಲಯ 2025ರ ಫುಟ್‌ಬಾಲ್ ಸೀಸನ್ ಟಿಕೆಟ್ಟಿನ ಮೇಲೆ ಶೇಕಡಾ 10ರಷ್ಟು 'ಪ್ರತಿಭಾ ಶುಲ್ಕ' ಹಾಕಿತು. ಅಭಿಮಾನಿ ಅಷ್ಟು ವರ್ಷ ಟಿಕೆಟ್ಟಿಗೆ, ಟಿವಿಗೆ, ಅಂಗಿ ಟೋಪಿಗೆ ಕೊಟ್ಟ ಹಣ ಎಲ್ಲಿಗೆ ಹೋಯಿತು? ಕೋಚಿನ ಬಂಗಲೆಗೆ, ಸ್ಟೇಡಿಯಮ್ಮಿನ ಕಂಬಕ್ಕೆ. ಹುಡುಗರ ಪಾಲು ಕೇಳಿದ ದಿನ ಆ ಹಣ ಹೊರಗೆ ಬರಲಿಲ್ಲ, ಹೊಸ ರಸೀದಿ ಪುಸ್ತಕ ಬಂತು.

ನಮ್ಮಲ್ಲಿ ಡಾಲರಿನ ಲೆಕ್ಕವಿಲ್ಲ. ಆದರೆ ಲೆಕ್ಕದ ರೀತಿ ಇದೇ. ಕೂಲಿಕಾರನ ಮಗಳು ಕಾಲೇಜಿಗೆ ಸೇರುವಾಗ ಫೀ ರಸೀದಿಯಲ್ಲಿ ಕ್ರೀಡಾ ಶುಲ್ಕ ಅಂತ ಒಂದು ಸಾಲು ಇರುತ್ತದೆ. ಅವಳ ಅಪ್ಪ ಬೆಂಕಿಪೆಟ್ಟಿಗೆ ಕೊಂಡರೂ ತೆರಿಗೆ ಕಟ್ಟುತ್ತಾನೆ. ಅಂದರೆ ಸಾಮಾನ್ಯ ಜನ ಈಗಾಗಲೇ ಕೊಟ್ಟಿದ್ದಾರೆ. ಕಾರವಾರ ತಾಲೂಕು ನೌಕಾನೆಲೆಗೆ ನೆಲ ಕೊಟ್ಟಿದೆ, ಕೈಗಾಕ್ಕೆ ನೆಲ ಕೊಟ್ಟಿದೆ. ಕೈಗಾದ ಮೊದಲ ಘಟಕ 2018ರ ಡಿಸೆಂಬರ್ ಕೊನೆಗೆ 962 ದಿನ ನಿಲ್ಲದೆ ಓಡಿ ಅಂದಿನ ಜಗತ್ತಿನ ದಾಖಲೆ ಮಾಡಿತು. ಯಂತ್ರದ ಆ ಓಟಕ್ಕೆ ದೇಶವೇ ಚಪ್ಪಾಳೆ ತಟ್ಟಿತು. ಅದೇ ನೆಲದಲ್ಲಿ ಬರಿಗಾಲಲ್ಲಿ ಓಡುವ ಹುಡುಗಿಗೆ ಒಂದು ಜೊತೆ ಬೂಟು ಯಾರು ಕೊಡಬೇಕು ಅಂತ ನಾವು ಟವೆಲ್ಲು ಹಾಸುತ್ತಿದ್ದೇವೆ. ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕೆ ಕೊಡಬೇಕೆಂದು ದೊಡ್ಡ ಕಂಪನಿಗಳಿಗೆ 2013ರ ಕಂಪನಿ ಕಾಯಿದೆ ಹೇಳುತ್ತದೆ. ಕೊಡಬಹುದಾದ ಬಾಬ್ತುಗಳ ಪಟ್ಟಿಯಲ್ಲಿ ಗ್ರಾಮೀಣ ಕ್ರೀಡೆಯ ತರಬೇತಿಯೂ ಇದೆ. ಖೇಲೋ ಇಂಡಿಯಾ ಯೋಜನೆಯಲ್ಲಿ ಆಯ್ಕೆಯಾದವರಿಗೆ ವರ್ಷಕ್ಕೆ 1 ಲಕ್ಷ 20 ಸಾವಿರ ರೂಪಾಯಿ ಕೈಖರ್ಚಿಗೆ ಸಿಗುತ್ತದೆ. ಒಳ್ಳೆಯದೇ. ಆದರೆ ಇಡೀ ದೇಶದಲ್ಲಿ ಹಾಗೆ ಆಯ್ಕೆಯಾಗುವವರು ಕೆಲವೇ ಸಾವಿರ. ಗದ್ದೆಯಲ್ಲಿ ಆಡುವ ಆಗೇರ ಕೇರಿಯ ಹುಡುಗನ ತನಕ ಅದು ಇಳಿಯುವುದಿಲ್ಲ. 2014ರಲ್ಲಿ ಶುರುವಾದ ಪ್ರೊ ಕಬಡ್ಡಿಯಲ್ಲಿ 2018ರ ಹೊತ್ತಿಗೆ ಆಟಗಾರರ ಹರಾಜಿನ ಕೂಗು ಕೋಟಿ ದಾಟಿತು. ಮೇಲೆ ಹೋದವನು ಹರಾಜಾಗುತ್ತಾನೆ, ಕೆಳಗೆ ಉಳಿದವನು ಟವೆಲ್ಲಿಗೆ ಬೀಳುತ್ತಾನೆ. ನಡುವೆ ಹಕ್ಕಿನ ಜಾಗವೇ ಇಲ್ಲ.

ಹಾಗಾದರೆ ಸರಕಾರ ಕೊಟ್ಟುಬಿಟ್ಟರೆ ಮುಗಿಯಿತೇ? ಘಟ್ಟ ಹತ್ತಿ ನೋಡಿ. ಅಂಕೋಲೆಯಿಂದ ಯಲ್ಲಾಪುರದ ದಾರಿ ಹಿಡಿದರೆ ಕಾಡಿನೊಳಗೆ ಸಿದ್ದಿಗಳ ಮನೆಗಳಿವೆ. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಸಂತಾನ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಪ್ರದೇಶ ಕ್ರೀಡಾ ಯೋಜನೆ ಅಂತ ಮಾಡಿ ಸಿದ್ದಿ ಮಕ್ಕಳನ್ನು ಆರಿಸಿ ಕರೆದೊಯ್ದಿತು. ಊಟ, ಬೂಟು, ಶಾಲೆ, ತರಬೇತಿ ಎಲ್ಲ ಕೊಟ್ಟಿತು. ಕಮಲಾ ಸಿದ್ದಿ, ಜೂಜೆ ಜಾಕಿ ಹರ್ನೋಡ್ಕರ್ ಅಂಥವರು ರಾಷ್ಟ್ರಮಟ್ಟಕ್ಕೆ ಏರಿದರು. 1993ರಲ್ಲಿ ಆ ಬಾಗಿಲು ಮುಚ್ಚಿತು. ಕ್ರೀಡಾ ಕೋಟಾದಲ್ಲಿ ಕೆಲವರಿಗೆ ನೌಕರಿ ಸಿಕ್ಕಿತು. ಉಳಿದವರು ವಾಪಸು ಅದೇ ಕಾಡಿಗೆ, ಅದೇ ಕೂಲಿಗೆ.

ಆ ಯೋಜನೆಯ ಬುಡದಲ್ಲೇ ಒಂದು ದೋಷವಿತ್ತು. ಆಫ್ರಿಕಾದ ರಕ್ತ, ಆದ್ದರಿಂದ ಓಡುತ್ತಾರೆ ಅಂದುಕೊಂಡರು. ಮೈ ನೋಡಿ ಆರಿಸಿದರು, ಪದಕ ಎಣಿಸಿದರು. ಎತ್ತಿನ ಹಲ್ಲು ನೋಡಿ ಕೊಳ್ಳುವವನ ಕಣ್ಣಿಗೂ ಇದಕ್ಕೂ ಏನು ವ್ಯತ್ಯಾಸ? ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಲು 2003ರವರೆಗೆ ಕಾಯಬೇಕಾಯಿತು. ಅಂದರೆ ಅವರ ಕಾಲು ದೇಶಕ್ಕೆ ಬೇಕಾದ ಮೇಲೆ ಅವರ ಹಕ್ಕು ಸಿಗಲು ಇನ್ನೂ ಹದಿನಾರು ವರ್ಷ ಬೇಕಾಯಿತು.

ಇದರಿಂದ ನಾವು ಒಂದು ಅಳತೆಗೋಲು ಕಲಿತೆವು. ದುಡ್ಡು ಕೊಡುವವರು ರಾಜರಿರಲಿ, ಸರಕಾರವಿರಲಿ, ಕಂಪನಿಯಿರಲಿ, ನಮ್ಮಂಥ ನೋಡುಗರಿರಲಿ, ಕೇಳಬೇಕಾದ್ದು ಎರಡೇ. ಮೊಣಕಾಲು ಹೋದ ಮೇಲೂ ಈ ದುಡ್ಡು ಬರುತ್ತದೆಯೇ? ದುಡ್ಡು ಪಡೆದ ಹುಡುಗ ಕೊಟ್ಟವನ ಮುಖ ನೋಡಿ 'ಇವತ್ತು ಕಾಲು ನೋವು, ಆಡೂದಿಲ್ಲ' ಅನ್ನಬಲ್ಲನೇ? ಎರಡಕ್ಕೂ ಹೌದು ಅಂದರೆ ಅದು ಅವನ ಹಕ್ಕು. ಇಲ್ಲ ಅಂದರೆ ಅದು ಭಿಕ್ಷೆ, ಇಲ್ಲವೇ ಖರೀದಿ.

ಈಗ ನೋಡುಗರಾದ ನಮ್ಮ ವಿಷಯ. ಖಾರದ ಗೆಳೆಯನ ಮಾತಿನ ಮುಕ್ಕಾಲು ಪಾಲು ಒಪ್ಪುತ್ತೇವೆ. ಮೊದಲ ಬಾಕಿ ಲಾಭ ಮಾಡಿಕೊಂಡವರದು. ಕಾಲು ಪಾಲು ಮಾತ್ರ ಒಪ್ಪಲಾರೆವು. ಯಾಕೆಂದರೆ ಆ ರಾತ್ರಿ 'ಇನ್ನೊಂದು ರೈಡು' ಅಂತ ಕೂಗಿದ್ದು ಪ್ರಿನ್ಸಿಪಾಲರಲ್ಲ, ಮಂತ್ರಿಯಲ್ಲ. ನಾವು. ಕುಂಟುವ ಕಾಲನ್ನು ಕಂಡೂ ಕಳಿಸಿದವರು ನಾವು. ಅವನ ಗೆಲುವಿನಲ್ಲಿ 'ನಮ್ಮ ಹುಡ್ಗ' ಅಂತ ಎದೆ ಉಬ್ಬಿಸಿಕೊಂಡು, ಅವನ ಸೋಲಿನಲ್ಲಿ ಸರಕಾರವನ್ನು ತೋರಿಸಿ ಮನೆಗೆ ಹೋಗುವುದು ಯಾವ ಬಂಡಾಯ?

ಕಾರವಾರದ ಕಡಲ ದಂಡೆಯಲ್ಲಿ ರಂಪಣಿ ಬಲೆ ಎಳೆಯುವುದನ್ನು ಕಂಡವರು ಕಂಡಿರಬಹುದು. ದೋಣಿಯಲ್ಲಿ ಹೋಗಿ ಸಮುದ್ರಕ್ಕೆ ಅರ್ಧಚಂದ್ರದ ಹಾಗೆ ದೊಡ್ಡ ಬಲೆ ಬಿಡುತ್ತಾರೆ. ಎರಡು ತುದಿಯ ಹಗ್ಗವನ್ನು ದಂಡೆಯಲ್ಲಿ ಹತ್ತಾರು ಜನ ಹಿಡಿದು ಎಳೆಯುತ್ತಾರೆ. ಬಲೆ ದೊಡ್ಡದಾದರೆ ಎಂಬತ್ತು ನೂರು ಜನ. ಮೀನು ಬಿದ್ದರೆ ಪಾಲು. ಬಲೆಗೆ ಪಾಲು, ದೋಣಿಗೆ ಪಾಲು, ಎಳೆದ ಕೈಗೆ ಪಾಲು. ಪಾಲು ತೆಗೆದುಕೊಳ್ಳುವವನು ಯಾರಿಗೂ ಕೈ ಮುಗಿಯುವುದಿಲ್ಲ. ಕೊಡುವವನ ಹೆಸರನ್ನು ಯಾರೂ ಮೈಕಿನಲ್ಲಿ ಕೂಗುವುದಿಲ್ಲ. ಆ ಪದ್ಧತಿಯಲ್ಲೂ ಏರುಪೇರು ಇದ್ದವು, ಬಲೆ ಇದ್ದವನ ಪಾಲು ದೊಡ್ಡದಿತ್ತು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದು ರಂಪಣಿ ಸೊರಗಿತು. ಆದರೂ ಆ ಮಾತು ನಮ್ಮದು, ಪಾಲು. ದಾನವೂ ಅಲ್ಲ, ಸಾಹುಕಾರ ಬಿಸಾಕುವ ಕೂಲಿಯೂ ಅಲ್ಲ.

ಆಟದಲ್ಲಿ ಹಗ್ಗ ಎಳೆದವನು ಹುಡುಗ. ಅವನ ಪಾಲು ಮೊದಲು. ಬಲೆ ಕಾಲೇಜಿನದು, ಸರಕಾರದ್ದು. ಅವರಿಗೆ ಹೆಸರಿನ ಪಾಲು ಸಿಕ್ಕಿದೆ, ಹುಡುಗನ ಪಾಲು ಕೊಡುವ ಹೊಣೆಯೂ ಅವರದೇ. ನೋಡುಗರಾದ ನಾವು ಏನು? ದಂಡೆಯಲ್ಲಿ ಸುಮ್ಮನೆ ನಿಂತು ಸಾರಿಗೆ ನಾಲ್ಕು ಮೀನು ಕೇಳುವವರಾಗಬಹುದು. ಇಲ್ಲವೇ ಹಗ್ಗಕ್ಕೆ ಕೈ ಹಾಕಬಹುದು. ಹತ್ತು ರೂಪಾಯಿ ಕೊಡುವುದು ಅಂದರೆ ಹಗ್ಗಕ್ಕೆ ಕೈ ಹಾಕುವುದು. ಕೈ ಹಾಕಿದವನಿಗೆ ಲೆಕ್ಕ ಕೇಳುವ ಅಧಿಕಾರ ಬರುತ್ತದೆ. ನಮ್ಮ ಹತ್ತು ರೂಪಾಯಿಯ ನಿಜವಾದ ಬೆಲೆ ಅದೇ. ಕ್ರೀಡಾ ಶುಲ್ಕ ಎಲ್ಲಿ ಹೋಯಿತು? ಪಂದ್ಯಾವಳಿಯಲ್ಲಿ ಕೂಡಿದ್ದರಲ್ಲಿ ದೀಪಕ್ಕೆಷ್ಟು, ಶಾಲು ಹಾರಕ್ಕೆಷ್ಟು, ಆಡಿದವರಿಗೆಷ್ಟು? ಕೊಡದೆ ಕೇಳಬಾರದು ಅಂತಲ್ಲ. ಕೊಟ್ಟು ಸುಮ್ಮನಿರಬಾರದು.

ಆದ್ದರಿಂದ ನಮ್ಮ ಕಡೆ ಒಂದು ನಿಯಮ ಮಾಡಿಕೊಂಡಿದ್ದೇವೆ, ಬೇರೆ ಊರುಗಳವರೂ ಯೋಚಿಸಲಿ. ವಂತಿಗೆ ಎಲ್ಲರಿಗೂ ಒಂದೇ, ಹತ್ತು ರೂಪಾಯಿ. ಸಾಹುಕಾರನಿಗೂ ಅಷ್ಟೇ, ಅವನ ಹೆಸರು ಮೈಕಿನಲ್ಲಿಲ್ಲ. ಇಲ್ಲದವರನ್ನು ಕೇಳುವುದಿಲ್ಲ, ಕೊಡದವರನ್ನು ಹೀಯಾಳಿಸುವುದಿಲ್ಲ. ಆ ಹಣ ಗೆದ್ದವನಿಗೆ ಬಹುಮಾನವಲ್ಲ. ಗಾಯಕ್ಕೆ, ಪರೀಕ್ಷೆ ಫೀಗೆ, ಬಸ್ ಪಾಸಿಗೆ. ಹುಡುಗಿಯರಿಗೂ ಹುಡುಗರಷ್ಟೇ. ಲೆಕ್ಕವನ್ನು ಗದ್ದೆಯಲ್ಲೇ, ಆಡುವವರ ಎದುರು, ಜೋರಾಗಿ ಓದಬೇಕು. ಲೆಕ್ಕ ಓದಿದ ಮೇಲೆ ಅದೇ ಮೈಕಿನಲ್ಲಿ ಕಾಲೇಜಿಗೂ ಸರಕಾರಕ್ಕೂ ನಮ್ಮ ಬೇಡಿಕೆ ಓದಬೇಕು: ಕಾಲೇಜಿಗಾಗಿ ಆಡುವ ಪ್ರತಿ ವಿದ್ಯಾರ್ಥಿಗೂ ವಿಮೆ, ವಿದ್ಯಾರ್ಥಿವೇತನದ ಹಾಗೆ ಕ್ರೀಡಾವೇತನ, ಗಾಯವಾದರೂ ಓದು ಮುಗಿಯುವ ತನಕ ಅದು ನಿಲ್ಲಕೂಡದು. ಆ ದಿನ ಬಂದರೆ ನಮ್ಮ ಹತ್ತು ರೂಪಾಯಿ ಬೇಕಾಗುವುದಿಲ್ಲ. ಹಾಸ್ಟೆಲಿನ ಸಾರಿನ ಕಡೆ ಹೋಗೋಣ. ಖಾರದ ಗೆಳೆಯ ಒಪ್ಪಿದ್ದಾನೆ, ಆದರೆ ಅರ್ಧ ಮನಸ್ಸಿನಿಂದ. ಆ ಉಳಿದರ್ಧ ನಮ್ಮನ್ನು ಎಚ್ಚರವಾಗಿಟ್ಟಿರಲಿ.

ಮೊನ್ನೆ ಮತ್ತೆ ಆ ಕೇರಿಗೆ ಹೋಗಿದ್ದೆವು. ಹುಡುಗ ಕೋಲು ಹಿಡಿದು ನಡೆಯುತ್ತಾನೆ, ಕಾಲೇಜಿಗೆ ಹೋಗುತ್ತಾನೆ. ಇನ್ನು ಕಬಡ್ಡಿ ಆಡುವುದು ಕಷ್ಟ. ನೋಟೀಸ್ ಬೋರ್ಡಿನಲ್ಲಿ ಅವನ ಫೋಟೋ ಹಾಗೇ ಇದೆ. ತಾಯಿಗೆ ನಮ್ಮ ಉತ್ತರ ಹೇಳಿದೆವು:

'ಅಮ್ಮಾ, ಆ ದುಡ್ಡು ಧರ್ಮಕ್ಕೆ ಕೊಟ್ಟದ್ದಲ್ಲ. ನಿಮ್ಮ ಹುಡ್ಗನ ಪಾಲು. ಪೂರಾ ಪಾಲಲ್ಲ, ಬಾಕಿ ಇದೆ.'

ಆಕೆ ಸ್ವಲ್ಪ ಹೊತ್ತು ನಮ್ಮನ್ನೇ ನೋಡಿದರು.

'ಹಂಗಾರೆ ಆ ಬಾಕಿ ಯಾರ ಹತ್ರ ಕೇಳೂದು ಮಾಸ್ತರ್ರೇ? ನಾನೂ ಬತ್ತೆ.'

ಓದುಗ ಗೆಳೆಯರೇ, ಆಕೆ ಬರುತ್ತಾರೆ. ನಾವು?